ಕೂರ್ಗ್ ಎಂಬ ಊರು ಎಲ್ಲಿದೆ?

ಕೊಡಗಿನಲ್ಲಿ ಮಡಿಕೇರಿ ಇದೆ, ವಿರಾಜಪೇಟೆ ಇದೆ. ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ, ಗೋಣಿಕೊಪ್ಪಗಳೂ ಇವೆ. ಕೂರ್ಗ್ ಎಂಬ ಊರು ಮಾತ್ರ ಎಲ್ಲೂ ಇಲ್ಲ. ಆದರೂ ವಾರಾಂತ್ಯಕ್ಕೆ ಬೆಂಗಳೂರಿನಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಿ ನೋಡಿ, ‘ಕೂರ್ಗ್‌ಗೆ’ ಎನ್ನುತ್ತಾರೆ. ಕೊಡಗಿನಲ್ಲಿ ಯಾವ ಊರು ಎಂದು ಮತ್ತೆ ಕೇಳಿದರೆ ‘ಅದೇ, ಕೂರ್ಗ್’ ಎಂಬ ಉತ್ತರ. ಅವರು ನೋಡಿ ಬರುವುದು ರಾಜಾಸೀಟು, ಕೋಟೆ, ಅಬ್ಬಿ ಜಲಪಾತ, ರಾಜರ ಗದ್ದಿಗೆ. ಎಲ್ಲವೂ ಮಡಿಕೇರಿಯವು. ಹೋಗಿ, ಉಳಿದು, ಫೋಟೋ ತೆಗೆದು ಮರಳಿದವರ ಬಾಯಲ್ಲಿ ಆ ಊರಿನ ಹೆಸರು ಒಮ್ಮೆಯೂ ಬರುವುದಿಲ್ಲ.

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಹೊತ್ತು ನಿಂತರೆ ಈ ಗೊಂದಲದ ರೂಪ ಚೆನ್ನಾಗಿ ಕಾಣುತ್ತದೆ. ಸರ್ಕಾರಿ ಬಸ್ಸಿನ ನೆತ್ತಿಯ ಮೇಲೆ ‘ಮಡಿಕೇರಿ’ ಎಂದು ಬರೆದಿರುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರ ಗುಂಪೊಂದು ಬಂದು ‘ಇದು ಕೂರ್ಗ್ ಹೋಗುತ್ತಾ?’ ಎಂದು ಕೇಳುತ್ತದೆ. ‘ಮಡಿಕೇರಿಗೆ ಹೋಗುತ್ತೆ’ ಎನ್ನುತ್ತಾನೆ ಕಂಡಕ್ಟರ್. ‘ಅಲ್ಲಿಂದ ಕೂರ್ಗ್ ಎಷ್ಟು ದೂರ?’ ಇದನ್ನು ದಿನವೂ ಕೇಳಿ ಸುಸ್ತಾದ ಆತ ‘ಕೊಪ್ಪದ ಸೇತುವೆ ದಾಟಿದ್ರೆ ಎಲ್ಲಾ ಅದೇ, ಹತ್ತಿ ಹತ್ತಿ’ ಎಂದು ಸೀಟಿ ಊದುತ್ತಾನೆ. ಕಂಡಕ್ಟರ್ ಹೇಳಿದ್ದು ಸರಿಯಾಗಿಯೇ ಇದೆ. ಕೊಪ್ಪದಲ್ಲಿ ಕಾವೇರಿ ದಾಟಿದರೆ ಕೊಡಗು ಜಿಲ್ಲೆ. ಜಿಲ್ಲೆಯ ಹೆಸರನ್ನು ಊರಿನ ಹೆಸರೆಂದು ತಿಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹೆಸರಿನ ಬಳಕೆಯೂ ಒಂದು ಸಾಂಸ್ಕೃತಿಕ ಕೃತಿಯೇ. ಅದನ್ನು ಕಟ್ಟಿದವರಿದ್ದಾರೆ, ತಿದ್ದಿದವರಿದ್ದಾರೆ, ಕೆಡಿಸಿದವರಿದ್ದಾರೆ. ಕಾದಂಬರಿ, ನಾಟಕಗಳನ್ನು ತೂಗಿ ನೋಡುವಂತೆ ಇದನ್ನೂ ತೂಗಿ ನೋಡಬೇಕು. ಮಡಿಕೇರಿಗೆ ಈವರೆಗೆ ನಾಲ್ಕು ಹೆಸರು ಬಂದಿವೆ. ಮೂರನ್ನು ಇಂಥವರು ಇಟ್ಟರೆಂದು ಹೇಳುತ್ತಾರೆ. ನಾಲ್ಕನೆಯದನ್ನು ಯಾವ ರಾಜನೂ ಇಡಲಿಲ್ಲ, ಯಾವ ಸರ್ಕಾರವೂ ಆಜ್ಞೆ ಹೊರಡಿಸಲಿಲ್ಲ. ನನ್ನ ತಕರಾರು ಇರುವುದು ಆ ನಾಲ್ಕನೆಯದರ ಮೇಲೆ.

ಮೊದಲನೆಯದರ ಕತೆ ಎಲ್ಲರಿಗೂ ಗೊತ್ತು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಈ ಬೆಟ್ಟಕ್ಕೆ ತಂದ, ಕೋಟೆ ಕಟ್ಟಿಸಿದ, ಅವನ ಹೆಸರಿನಲ್ಲಿ ಊರು ‘ಮುದ್ದುರಾಜಕೇರಿ’ಯಾಯಿತು, ಅದು ಸವೆದು ಮಡಿಕೇರಿಯಾಯಿತು. ಪ್ರವಾಸಿ ಕೈಪಿಡಿಗಳಲ್ಲೂ ಫಲಕಗಳಲ್ಲೂ ಇದೇ ಬರೆದಿರುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ.

ರಾಜಧಾನಿ ಬಂದದ್ದು, ಕೋಟೆ ಎದ್ದದ್ದು ಇತಿಹಾಸ. ಹೆಸರಿನ ವ್ಯುತ್ಪತ್ತಿಯನ್ನು ಮಾತ್ರ ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ಕೊಡಗಿನಲ್ಲೇ ಇನ್ನೊಂದು ರಾಜನಾಮದ ಊರಿದೆ. ದೊಡ್ಡವೀರರಾಜೇಂದ್ರ 1792ರಲ್ಲಿ ನೆಲೆಗೊಳಿಸಿದ ವೀರರಾಜೇಂದ್ರಪೇಟೆ ಜನರ ಬಾಯಲ್ಲಿ ವಿರಾಜಪೇಟೆಯಾಯಿತು. ಅಲ್ಲಿ ನಡೆದದ್ದೇನು? ನಡುವಿನ ಅಕ್ಷರಗಳು ಉದುರಿದವು, ಉಳಿದ ಅಕ್ಷರಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಕನ್ನಡದ ಬಾಯಿ ಉದ್ದದ ಹೆಸರನ್ನು ಮೊಟಕುಗೊಳಿಸುವ ರೀತಿಯೇ ಅದು. ಮುದ್ದುರಾಜಕೇರಿ ಮಡಿಕೇರಿಯಾಗಬೇಕಾದರೆ ‘ರಾಜ’ ಉದುರಿದರೆ ಸಾಲದು. ಉಕಾರ ಅಕಾರವಾಗಬೇಕು, ದಕಾರದ ಒತ್ತು ಹೋಗಿ ಡಕಾರ ಬರಬೇಕು, ಕೊನೆಯ ಉಕಾರ ಇಕಾರವಾಗಬೇಕು. ಒಂದೇ ಹೆಸರಿನಲ್ಲಿ ಇಷ್ಟೆಲ್ಲ ಆಗಬಾರದು ಎಂದಲ್ಲ. ಆದರೆ ರಾಜನ ಹೆಸರಿಗೆ ಊರಿನ ಹೆಸರನ್ನು ಜೋಡಿಸಬೇಕೆಂಬ ಆಸೆ ಮೊದಲು ಹುಟ್ಟಿ, ಆಮೇಲೆ ದಾರಿ ಹುಡುಕಿದಂತೆ ಇದೆ ಈ ವಿವರಣೆ.

‘ಮಡಿ’ ಎಂಬುದನ್ನೇ ನೇರವಾಗಿ ಹಿಡಿದು ಶುಭ್ರವಾದ ಕೇರಿ ಎಂದು ಅರ್ಥ ಹೇಳಿದವರೂ ಇದ್ದಾರೆ. ಅದಕ್ಕೆ ಧ್ವನಿಯ ತೊಡಕಿಲ್ಲ, ಆದರೆ ಅದು ಪುರೋಹಿತರ ವಿವರಣೆಯಂತೆ ಕೇಳುತ್ತದೆ. ಗದ್ದೆ ಮಾಡುವವರಿಗೆ ಮಡಿ ಎಂದರೆ ಮೊದಲು ನೆನಪಾಗುವುದು ಸಸಿಮಡಿ. ಬೆಟ್ಟದ ಮಡಿಲಲ್ಲಿ ಗದ್ದೆಬಯಲು ಇರುವ ನಾಡಿನಲ್ಲಿ ಆ ಅರ್ಥವನ್ನು ಯಾರೂ ಮುಂದಿಡದಿರುವುದು ನನಗೆ ಸೋಜಿಗ. ಇದೇ ಸರಿ ಎಂದು ನಾನು ಹಟ ಹಿಡಿಯುವುದಿಲ್ಲ. ಫಲಕ ಬರೆಯುವವರು ‘ಮುದ್ದುರಾಜನಿಂದ ಈ ಹೆಸರು ಬಂತೆಂದು ಪ್ರತೀತಿ’ ಎಂದು ಒಂದು ಪದ ಸೇರಿಸಿದ್ದರೆ ಸಾಕಿತ್ತು. ಕೇರಿಯ ಬಗ್ಗೆಯಂತೂ ಜಗಳವಿಲ್ಲ. ಊರು, ಕೇರಿ, ನಾಡು ಎಂದು ಎಣಿಸುವ ನೆಲ ಅದು. ರಾಜಧಾನಿಯಾದ ಮೇಲೂ ಊರು ‘ಪುರ’ವಾಗದೆ, ‘ನಗರ’ವಾಗದೆ ಕೇರಿಯಾಗಿಯೇ ಉಳಿಯಿತು ಎಂಬುದು ನನಗೆ ಈ ಹೆಸರಿನಲ್ಲಿ ಬಹಳ ಇಷ್ಟವಾದ ಸಂಗತಿ.

ಎರಡನೆಯ ಹೆಸರು ಟಿಪ್ಪುವಿನದು. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಊರನ್ನು ಜಾಫರಾಬಾದ್ ಎಂದು ಕರೆದ. 1790ರಲ್ಲಿ ದೊಡ್ಡವೀರರಾಜೇಂದ್ರ ಕೋಟೆಯನ್ನು ಹಿಂದಕ್ಕೆ ಪಡೆದ, ಹೆಸರೂ ಅಲ್ಲಿಗೆ ಮುಗಿಯಿತು. ಮೈಸೂರಿನಲ್ಲಿ ಟಿಪ್ಪು ಇಟ್ಟ ನಜರಾಬಾದ್ ಒಂದು ಬಡಾವಣೆಯ ಹೆಸರಾಗಿ ಇವತ್ತಿಗೂ ಉಳಿದಿದೆ, ಬಸ್ಸಿನವರೂ ಆಟೋದವರೂ ಬಳಸುತ್ತಾರೆ. ಮಡಿಕೇರಿಯಲ್ಲಿ ಜಾಫರಾಬಾದ್ ಎಂಬ ಓಣಿಯೂ ಇಲ್ಲ. ಕಲ್ಲು ಉಳಿಯಿತು, ಹೆಸರು ಉಳಿಯಲಿಲ್ಲ. ಆಜ್ಞೆಯಿಂದ ಬಂದ ಹೆಸರು ಆಜ್ಞೆ ಕೊಟ್ಟವನ ಜೊತೆಗೇ ಹೋಯಿತು.

ಮೂರನೆಯದು ಮರ್ಕಾರಾ. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಪಡೆ ಮಡಿಕೇರಿ ಕೋಟೆಯನ್ನು ಹಿಡಿಯಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡ. ಅಲ್ಲಿಂದ ಮುಂದೆ ಕಾಗದಪತ್ರಗಳಲ್ಲಿ ಮಡಿಕೇರಿ ಮರ್ಕಾರಾ ಆಯಿತು, ಕೊಡಗು ಕೂರ್ಗ್ ಆಯಿತು. ಎರಡೂ ಹೆಸರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವರ ಕಿವಿ ಕೆಲಸ ಮಾಡಿದ ರೀತಿ ತಿಳಿಯುತ್ತದೆ. ನಾಲಿಗೆ ಮಡಿಸಿ ಹೇಳುವ ನಮ್ಮ ‘ಡ’ ಅವರಿಗೆ ರಕಾರದಂತೆ ಕೇಳಿಸಿತು. ಕೊಡಗಿನ ಡಕಾರ ಕೂರ್ಗಿನ ಅರ್ಕಾವತ್ತಾಯಿತು, ಮಡಿಕೇರಿಯ ಡಕಾರ ಮರ್ಕಾರಾದ ಅರ್ಕಾವತ್ತಾಯಿತು. ಇದರಲ್ಲಿ ದುರುದ್ದೇಶ ಹುಡುಕುವ ಅಗತ್ಯವಿಲ್ಲ. ನಾವೂ ಇಂಗ್ಲಿಷ್ ಹೆಸರುಗಳನ್ನು ನಮ್ಮ ಬಾಯಿಗೆ ಒಗ್ಗಿಸಿಕೊಂಡವರೇ.

ಅವರ ಕಾಲದಲ್ಲಿ ಒಂದು ಶಿಸ್ತಂತೂ ಇತ್ತು. ಕೂರ್ಗ್ ಎಂದರೆ ನಾಡು, ಮರ್ಕಾರಾ ಎಂದರೆ ಊರು. ಹರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮೊಯಿರ್ಸ್’ ಆಗಲಿ, ರಿಕ್ಟರ್ 1870ರಲ್ಲಿ ಹೊರತಂದ ಕೊಡಗಿನ ಕೈಪಿಡಿಯಾಗಲಿ ಈ ಎರಡನ್ನು ಕಲಸುವುದಿಲ್ಲ. ಮೋಗ್ಲಿಂಗ್ ನಮಗೆ ಬೇರೆ ಕಾರಣಕ್ಕೂ ಬೇಕಾದವನು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವನು ಅವನೇ. ಪರಭಾಷೆಯವರು ಹೆಸರಿನ ಉಚ್ಚಾರ ಕೆಡಿಸಿದರೂ ಯಾವುದು ನಾಡು, ಯಾವುದು ಊರು ಎಂಬುದನ್ನು ಮರೆಯಲಿಲ್ಲ. ಅದನ್ನು ಮರೆತವರು ಸ್ವತಂತ್ರ ಭಾರತದ ಪ್ರವಾಸ ವ್ಯಾಪಾರಿಗಳು.

ಮರ್ಕಾರಾ ಈಗ ಹೆಚ್ಚುಕಡಿಮೆ ಇಲ್ಲ. ಊರಿನ ಗಾಲ್ಫ್ ಕ್ಲಬ್ಬಿನ ಹೆಸರಿನಲ್ಲಿ ಉಳಿದಿದೆ, ಹಳೆಯ ತೋಟದವರ ಮಾತಿನಲ್ಲಿ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ. ಅಬ್ಬಿಗೆ ಇಂಗ್ಲಿಷರು ಕೊಟ್ಟಿದ್ದ ಜೆಸ್ಸಿ ಫಾಲ್ಸ್ ಎಂಬ ಹೆಸರೂ ಹಾಗೆಯೇ ಕಾಣೆಯಾಯಿತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಗಳ ಆ ಪಟ್ಟಿಯಲ್ಲಿ ಮಡಿಕೇರಿ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಅದರ ಇಂಗ್ಲಿಷ್ ಹೆಸರು ಅದಕ್ಕೆ ಎಷ್ಟೋ ಮೊದಲೇ ಮಡಿಕೇರಿಯಾಗಿತ್ತು. ಸರ್ಕಾರದ ಮಟ್ಟದಲ್ಲಿ ಹೆಸರು ಗೆದ್ದಾಗಿದೆ. ಬಸ್ಸಿನ ಬೋರ್ಡು, ರಾಷ್ಟ್ರೀಯ ಹೆದ್ದಾರಿ 275ರ ಫಲಕ, ಅಂಚೆಯ ಮೊಹರು, ಆಕಾಶವಾಣಿಯ ನಿಲಯ ಎಲ್ಲವೂ ಮಡಿಕೇರಿ ಎನ್ನುತ್ತವೆ. ಹೀಗಿದ್ದೂ ಹೊರಗಿನವರ ಬಾಯಲ್ಲಿ ಊರು ಸೋತದ್ದು ಹೇಗೆ?

ಸೋಲಿಸಿದ್ದು ಪ್ಯಾಕೇಜು. ‘ಕೂರ್ಗ್ ಎರಡು ರಾತ್ರಿ ಮೂರು ಹಗಲು’ ಎಂಬ ಜಾಹೀರಾತಿಗೆ ಒಂದೇ ಒಂದು ಹೆಸರು ಬೇಕು. ಭಾಗಮಂಡಲ, ತಲಕಾವೇರಿ, ದುಬಾರೆ, ಇರ್ಪು, ನಾಗರಹೊಳೆ ಎಂದು ಬಿಡಿಬಿಡಿಯಾಗಿ ಹೇಳುತ್ತ ಹೋದರೆ ಗಿರಾಕಿಗೆ ತಲೆಬಿಸಿ. ಹಾಗಾಗಿ ಎಲ್ಲವನ್ನೂ ಕೂರ್ಗ್ ಎಂಬ ಒಂದು ಚೀಲಕ್ಕೆ ತುಂಬಿದರು. ಚೀಲದ ಬಾಯಿ ಎಷ್ಟು ಅಗಲವಾಯಿತೆಂದರೆ ಬೈಲಕುಪ್ಪೆಯ ಟಿಬೆಟನ್ ಮಠವೂ ಅದರೊಳಗೆ ಬಿತ್ತು. ‘ಕೂರ್ಗಿನ ಗೋಲ್ಡನ್ ಟೆಂಪಲ್’ ಎಂದು ಪ್ರವಾಸಿಗರು ಬರೆದುಕೊಳ್ಳುವ ಆ ಮಠ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಮ್ಮ ಕಂಡಕ್ಟರನ ಲೆಕ್ಕದಲ್ಲೂ ಅದು ಕೊಪ್ಪದ ಸೇತುವೆಯ ಈಚೆ ದಡ. ಊರನ್ನು ನುಂಗಿದ ಹೆಸರಿಗೆ ಜಿಲ್ಲೆಯ ಗಡಿ ಯಾವ ಲೆಕ್ಕ?

ನಾಡಿನ ಹೆಸರು ರಾಜಧಾನಿಯ ಮೇಲೆ ಬಂದು ಕೂರುವುದು ಹೊಸದೇನಲ್ಲ. ಶ್ರೀಲಂಕಾದ ಕ್ಯಾಂಡಿ ಅದಕ್ಕೆ ತಕ್ಕ ಉದಾಹರಣೆ. ಅಲ್ಲಿನ ಬೆಟ್ಟದ ರಾಜ್ಯವನ್ನು ಸಿಂಹಳದಲ್ಲಿ ‘ಕಂದ ಉಡ ರಟ’ ಎನ್ನುತ್ತಿದ್ದರು, ಬೆಟ್ಟದ ಮೇಲಿನ ನಾಡು ಎಂದು ಅರ್ಥ. ಪೋರ್ಚುಗೀಸರು ಮೊದಲ ತುಂಡನ್ನು ಹಿಡಿದು ರಾಜ್ಯಕ್ಕೂ ರಾಜಧಾನಿಗೂ ಅದನ್ನೇ ಇಟ್ಟರು. ಊರಿನವರು ಇಂದಿಗೂ ಅದನ್ನು ಮಹನುವರ ಎನ್ನುತ್ತಾರೆ, ಬರಿದೆ ನುವರ ಎಂದರೂ ಸಾಕು. ಆ ರಾಜ್ಯ ಇಂಗ್ಲಿಷರ ಕೈಗೆ ಬಿದ್ದದ್ದು 1815ರಲ್ಲಿ, ಕೊಡಗು 1834ರಲ್ಲಿ. ಎರಡೂ ರಾಜ್ಯಗಳ ಕೊನೆಯ ಅರಸರು ದೂರದ ಊರಿನಲ್ಲಿ ಸತ್ತರು. ವ್ಯತ್ಯಾಸ ಒಂದೇ. ಕ್ಯಾಂಡಿಯ ಹೆಸರನ್ನು ಹೊರಗಿನವರು ಶತಮಾನಗಳ ಹಿಂದೆ ತಪ್ಪು ಮಾಡಿ ಬೆರೆಸಿದರು. ಮಡಿಕೇರಿಯದನ್ನು ನಾವೇ, ನಮ್ಮ ಕಣ್ಣೆದುರಿಗೇ, ತಿಳಿದೂ ತಿಳಿದೂ ಬೆರೆಸುತ್ತಿದ್ದೇವೆ.

ಇಲ್ಲಿಗೆ ‘ಕೂರ್ಗ್ ಎನ್ನುವವರೆಲ್ಲ ಇಂಗ್ಲಿಷಿನ ಗುಲಾಮರು’ ಎಂಬ ಭಾಷಣ ಶುರುವಾಗಬೇಕು. ಆ ಭಾಷಣ ನನ್ನಿಂದಾಗದು. ಕೂರ್ಗ್ ಎಂಬ ಪದಕ್ಕೆ ಅದರದೇ ಆದ ಘನತೆ ಇದೆ. ಸ್ವಾತಂತ್ರ್ಯಾನಂತರ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪುಟ್ಟ ರಾಜ್ಯದ ಹೆಸರು ಅದು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ಸೇರಿತು. ಹಿರಿಯ ತಲೆಮಾರಿನ ಅನೇಕ ಕೊಡಗಿನವರಿಗೆ ಕೂರ್ಗ್ ಎನ್ನುವಾಗ ಆ ರಾಜ್ಯದ ನೆನಪಿದೆ, ಮಂಜು ಕವಿದ ರೆಸಾರ್ಟಿನದಲ್ಲ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ, ಭಾರತೀಯ ಸಮಾಜಶಾಸ್ತ್ರದ ದಿಕ್ಕು ಬದಲಿಸಿದ ಗ್ರಂಥ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತದ್ದು, ಅದರ ಶೀರ್ಷಿಕೆಯಲ್ಲೂ ‘ಕೂರ್ಗ್ಸ್’ ಇದೆ. ಕಿತ್ತಳೆಗೂ ಅರೇಬಿಕಾ ಕಾಫಿಗೂ ಭೌಗೋಳಿಕ ಸೂಚಿಕೆ ಸಿಕ್ಕಿರುವುದು ಇದೇ ಹೆಸರಿನಲ್ಲಿ. ಬೆಳೆಗಾರ ತನ್ನ ಕಾಫಿಚೀಲದ ಮೇಲೆ ಕೂರ್ಗ್ ಅಂತ ಬರೆದರೆ ಅವನಿಗೆ ಬೆಲೆ ಸಿಗುತ್ತದೆ, ಬರೆಯಲಿ. ರಾಜಾಸೀಟು ಎಂಬ ಹೆಸರಿನಲ್ಲೂ ಅರ್ಧ ಇಂಗ್ಲಿಷೇ ಇದೆ, ಜನರಲ್ ತಿಮ್ಮಯ್ಯನವರ ಮನೆಯ ಹೆಸರು ‘ಸನ್ನಿ ಸೈಡ್’. ಇವನ್ನೆಲ್ಲ ಊರು ಒಪ್ಪಿ, ತನ್ನದಾಗಿಸಿಕೊಂಡಿದೆ. ಇಂಗ್ಲಿಷ್ ಪದ ಎಂಬುದೇ ಅಪರಾಧವಾದರೆ ನಾವು ಬಸ್ಸನ್ನೂ ಹತ್ತುವಂತಿಲ್ಲ.

ತೊಡಕು ಇರುವುದು ಬೇರೆ ಕಡೆ. ಇಂಗ್ಲಿಷಿನಲ್ಲಿ ಕೂರ್ಗ್ ಎಂಬುದು ನಾಡಿಗೂ ಹೌದು, ಕೊಡವ ಜನಾಂಗಕ್ಕೂ ಹೌದು. ಕನ್ನಡದಲ್ಲಿ ಇವು ಬೇರೆಬೇರೆ. ಕೊಡಗು ನೆಲ, ಕೊಡವರು ಒಂದು ಸಮುದಾಯ, ಕೊಡಗಿನವರು ಎಂದರೆ ಅಲ್ಲಿ ಬದುಕುವವರೆಲ್ಲ. ಆ ಇಂಗ್ಲಿಷ್ ಪದವನ್ನು ತಂದು ಮಡಿಕೇರಿಯ ಮೇಲೆ ಹೊದಿಸಿದಾಗ ಊರಿನ ಅರ್ಧ ಜನ ಅದರಡಿಯಲ್ಲಿ ಕಾಣೆಯಾಗುತ್ತಾರೆ. ಮಡಿಕೇರಿಯ ಬೀದಿಯಲ್ಲಿ ಕೊಡವ ತಕ್ಕ್ ಕೇಳಿಸುತ್ತದೆ, ಅರೆಭಾಷೆ ಕೇಳಿಸುತ್ತದೆ, ಕನ್ನಡ, ಮಲಯಾಳ, ತುಳು, ತಮಿಳು, ಉರ್ದು ಎಲ್ಲವೂ ಕೇಳಿಸುತ್ತವೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡರ ಕಚೇರಿಗಳೂ ಇದೇ ಊರಿನಲ್ಲಿವೆ. ಕೂರ್ಗ್ ಎಂಬ ಊರಿಗೆ ಬಂದಿಳಿದ ಪ್ರವಾಸಿಗೆ ಮಾತ್ರ ಎದುರಿಗೆ ಬಂದವರೆಲ್ಲ ಕೊಡವರ ಉಡುಪಾದ ಕುಪ್ಯಚೇಲೆ ಧರಿಸುವವರು, ಎಲ್ಲ ಹೋಟೆಲಿನಲ್ಲೂ ಹಂದಿಮಾಂಸದ ಪಂದಿಕರಿ ಸಿಗಲೇಬೇಕು. ಮಹದೇವಪೇಟೆಯ ಸಸ್ಯಾಹಾರಿ ಹೋಟೆಲಿನಲ್ಲಿ ಅದನ್ನು ಕೇಳಿ ಬೈಸಿಕೊಂಡವರನ್ನು ನೋಡಿ ನಗು ಬಂದಿದೆ, ಕನಿಕರವೂ ಆಗಿದೆ. ಅವರ ತಪ್ಪಲ್ಲ, ಜಾಹೀರಾತು ಅವರಿಗೆ ಒಂದು ಜನಾಂಗದ ಹೆಸರನ್ನು ಊರೆಂದು ಮಾರಿದೆ. ಕೊಡವರಿಗೂ ಇದರಿಂದ ಲಾಭವಿಲ್ಲ. ಅವರ ಐನ್‌ಮನೆ ಎಂಬ ಕುಲದ ಮನೆಗಳಾಗಲಿ, ಮಂದ್ ಎಂಬ ಊರ ಬಯಲುಗಳಾಗಲಿ ನಾಡಿನ ಹಳ್ಳಿಹಳ್ಳಿಗಳಲ್ಲಿ ಹರಡಿವೆ, ರಾಜಾಸೀಟಿನ ಎದುರಿನ ಬಾಡಿಗೆ ಉಡುಪಿನ ಫೋಟೋದಲ್ಲಿಲ್ಲ.

ಹೆಸರಿನ ಈ ಸೋಮಾರಿತನ ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಮಳೆಗಾಲಗಳಲ್ಲಿ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದದ್ದು ಮಡಿಕೇರಿಯ ಸುತ್ತಲಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದ ಕಡೆ. ಮರುವರ್ಷದ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದ ಸರದಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿ ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಮೂರು ವರ್ಷ, ಮೂರು ಕಡೆ, ಬೇರೆಬೇರೆ ಬೆಟ್ಟ, ಬೇರೆಬೇರೆ ಜನ. ಹೊರಗಿನ ವಾಹಿನಿಗಳಲ್ಲಿ ಮೂರಕ್ಕೂ ಒಂದೇ ತಲೆಬರಹ: ಕೂರ್ಗಿನಲ್ಲಿ ಭೂಕುಸಿತ. ದೆಹಲಿಯಲ್ಲೋ ದುಬೈಯಲ್ಲೋ ಇರುವ ಮಗನಿಗೆ ತನ್ನ ಮನೆ ಕಡೆಯದೋ ಅಲ್ಲವೋ ಎಂದು ತಿಳಿಯಲು ಫೋನ್ ಹಚ್ಚುವುದೊಂದೇ ದಾರಿ, ಆ ಹೊತ್ತಿಗೆ ಫೋನ್ ಸಿಗುವುದಿಲ್ಲ. ಎಲ್ಲಿ ಕುಸಿಯಿತು ಎಂಬುದೇ ಸುದ್ದಿ. ಆ ‘ಎಲ್ಲಿ’ಯನ್ನು ತೆಗೆದು ಹಾಕಿದರೆ ಉಳಿಯುವುದು ಗಾಬರಿ ಮಾತ್ರ. ಸೋಮವಾರಪೇಟೆಯ ಬಯಲಲ್ಲಿ ಬಿಸಿಲು ಬಿದ್ದಿದ್ದರೂ ಅಲ್ಲಿಯ ಹೋಂಸ್ಟೇಗೆ ಬರಬೇಕಾದವರು ಬರುವುದಿಲ್ಲ, ‘ಕೂರ್ಗ್ ಮುಳುಗಿದೆಯಲ್ಲ’ ಎನ್ನುತ್ತಾರೆ. ಒಂದೇ ಹೆಸರಿನಿಂದ ಗಿರಾಕಿ ಹಿಡಿದ ವ್ಯಾಪಾರಕ್ಕೆ ಅದೇ ಹೆಸರು ಹೊಡೆತವನ್ನೂ ಕೊಟ್ಟಿತು.

ಕನ್ನಡ ಪತ್ರಿಕೆಗಳನ್ನು ಇದರಿಂದ ಹೊರಗಿಡಲಾಗದು. ಜಿಲ್ಲಾ ಸುದ್ದಿಯ ಪುಟದಲ್ಲಿ ಅವು ಮಡಿಕೇರಿ ಎಂದೇ ಬರೆಯುತ್ತವೆ, ಊರಿನಿಂದಲೇ ಹೊರಡುವ ‘ಶಕ್ತಿ’ಗಂತೂ ಬೇರೆ ಹೆಸರು ಹೊಳೆಯುವುದೂ ಇಲ್ಲ. ಪುರವಣಿಯ ಪುಟ ತಿರುವಿದರೆ ಸಾಕು, ಪ್ರವಾಸ ಲೇಖನದಲ್ಲಿ ಅದೇ ಊರು ‘ಕೂರ್ಗ್’. ಅದೇ ಪತ್ರಿಕೆ, ಅದೇ ದಿನ. ಅಪಘಾತ ಆದರೆ ಮಡಿಕೇರಿ, ಹನಿಮೂನ್ ಆದರೆ ಕೂರ್ಗ್! ಇನ್ನು ಮಡಿಕೇರಿ ಎಂದು ಬರೆಯುವಾಗಲೂ ಅದರ ಹಿಂದೆ ‘ಮಂಜಿನ ನಗರಿ’ ಎಂಬ ಬಾಲಂಗೋಚಿ ತಪ್ಪುವುದಿಲ್ಲ. ‘ದಕ್ಷಿಣದ ಕಾಶ್ಮೀರ’, ‘ಭಾರತದ ಸ್ಕಾಟ್ಲೆಂಡ್’ ಎಂಬ ಬಿರುದುಗಳೂ ಇವೆ. ಸ್ಕಾಟ್ಲೆಂಡ್ ಬಿರುದು ಶಿಲ್ಲಾಂಗಿಗೂ ಇದೆ, ಹಂಚಿಕೊಂಡು ಉಣ್ಣಬೇಕು. ಸ್ಕಾಟ್ಲೆಂಡ್ ನೋಡದ ವರದಿಗಾರ, ಸ್ಕಾಟ್ಲೆಂಡ್ ನೋಡದ ಓದುಗನಿಗೆ, ಮಡಿಕೇರಿ ಸ್ಕಾಟ್ಲೆಂಡಿನಂತಿದೆ ಎಂದು ತಿಳಿಸುವುದರಿಂದ ಯಾರಿಗೆ ಏನು ಗೊತ್ತಾಯಿತು?

ಹೆಸರು ಹೇಳಿದರೆ ಬರುವುದೇನು ಎಂದು ಕೇಳಬಹುದು. ಬರುವುದು ಆ ಹೆಸರಿನಲ್ಲಿ ನಡೆದದ್ದೆಲ್ಲ. 1837ರ ಅಕ್ಟೋಬರ್ 31ರಂದು ಇಂಗ್ಲಿಷರ ವಿರುದ್ಧದ ಅಮರಸುಳ್ಯ ದಂಗೆಯ ನಾಯಕ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಮಡಿಕೇರಿ ಕೋಟೆಯಲ್ಲಿ. ಲಿಂಗರಾಜೇಂದ್ರ 1820ರಲ್ಲಿ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ್ದು ಮಡಿಕೇರಿಯಲ್ಲಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ದ ಅರಮನೆ, ಬೀದಿ, ಪಿತೂರಿ ಎಲ್ಲ ಮಡಿಕೇರಿಯವು. ಆ ಅರಸನ ಹೆಸರು ಹೋದ ದಾರಿಯನ್ನೇ ನೋಡಿ. ಊರಿನಲ್ಲಿ ಇರುವಷ್ಟು ದಿನ ಅವನು ಚಿಕ್ಕವೀರರಾಜೇಂದ್ರ. ಪಟ್ಟ ಕಳೆದುಕೊಂಡು ಸೇರಿದ್ದ ಕಾಶಿಯಿಂದ 1852ರಲ್ಲಿ ಲಂಡನ್ನಿಗೆ ಹೋದಾಗ ಬರಿದೆ ‘ಕೂರ್ಗಿನ ರಾಜ’. ವಿಕ್ಟೋರಿಯಾ ರಾಣಿ ಜ್ಞಾನಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದ ಅವನ ಮಗಳು ಗೌರಮ್ಮ ‘ಕೂರ್ಗಿನ ರಾಜಕುಮಾರಿ ವಿಕ್ಟೋರಿಯಾ ಗೌರಮ್ಮ’ ಆದಳು. ಊರು ಕಳೆದುಕೊಂಡವರಿಗೆ ನಾಡಿನ ಹೆಸರಷ್ಟೇ ಉಳಿಯಿತು, ಅದೂ ಇಂಗ್ಲಿಷಿನಲ್ಲಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 27ರ ಹರೆಯದಲ್ಲೇ ತೀರಿಕೊಂಡ ಇನ್ನೊಬ್ಬ ಗೌರಮ್ಮನನ್ನು ಕನ್ನಡ ಓದುಗರು ‘ಕೊಡಗಿನ ಗೌರಮ್ಮ’ ಎಂದು ಕರೆದರು. ಕತೆಗಾರ್ತಿಗೆ ಜನ ಪ್ರೀತಿಯಿಂದ ಕೊಟ್ಟ ಆ ಗುರುತಿನಲ್ಲಿ ಕೂರ್ಗ್ ಸುಳಿಯಲಿಲ್ಲ.

ದಸರಾ ಇನ್ನೊಂದು ಸಾಕ್ಷಿ. ಊರಿನ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುತ್ತದೆ, ವಿಜಯದಶಮಿಯ ರಾತ್ರಿಯಿಡೀ ದಶಮಂಟಪಗಳ ಶೋಭಾಯಾತ್ರೆ ನಡೆಯುತ್ತದೆ, ಬೆಳಗಿನ ಜಾವದವರೆಗೆ ಜನ ರಸ್ತೆಯಲ್ಲೇ. ಅದನ್ನು ‘ಮಡಿಕೇರಿ ದಸರಾ’ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಪ್ರವಾಸಿಗರೂ ಕರೆಯುವುದಿಲ್ಲ. ಹಬ್ಬ ಊರಿನವರ ಕೈಯಲ್ಲಿದೆ, ಅದಕ್ಕೇ ಹೆಸರೂ ಅವರ ಕೈಯಲ್ಲಿದೆ. ಕೋಣೆ ಬಾಡಿಗೆಯ ವ್ಯಾಪಾರ ಊರಿನವರ ಕೈಯಲ್ಲಿ ಇದ್ದೂ ಹೆಸರು ಮಾತ್ರ ಬುಕಿಂಗ್ ಆ್ಯಪಿನ ಕೈಗೆ ಹೋಯಿತು.

‘ಊಟಿಗೆ ಹೋಗುವಾಗ ಉದಕಮಂಡಲ ಅನ್ನುತ್ತೀರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ, ನಾನೂ ಊಟಿ ಎನ್ನುತ್ತೇನೆ. ಊಟಿ ಆ ಊರಿನದೇ ಹೆಸರಿನ ತುಂಡು, ಆ ಊರನ್ನಷ್ಟೇ ಸೂಚಿಸುತ್ತದೆ. ಊಟಿಗೆ ಹೊರಟವನು ಕೂನೂರಿನಲ್ಲಿ ಇಳಿಯುವುದಿಲ್ಲ. ಮರ್ಕಾರಾ ಎಂದಿದ್ದರೂ ನನಗೆ ಇಷ್ಟು ಕಿರಿಕಿರಿ ಆಗುತ್ತಿರಲಿಲ್ಲ, ಅದು ಮಡಿಕೇರಿಯದೇ ಒರಟು ಉಚ್ಚಾರ. ಊಟಿಗೆ ‘ನೀಲಗಿರಿ’ ಎಂದು ಹೆಸರಿಟ್ಟು, ಕೂನೂರು, ಕೋತಗಿರಿ, ಗೂಡಲೂರನ್ನೆಲ್ಲ ಅಳಿಸಿದ್ದರೆ ಅದು ಕೂರ್ಗಿಗೆ ಸರಿಸಮ ಆಗುತ್ತಿತ್ತು. ಅಂಥ ಕೆಲಸವನ್ನು ತಮಿಳುನಾಡಿನಲ್ಲಿ ಯಾರೂ ಮಾಡಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಮುದ್ದುರಾಜನ ವ್ಯುತ್ಪತ್ತಿ ಚೆಂದದ ಕತೆ, ಪ್ರತೀತಿ ಎಂದು ಹೇಳಿಕೊಂಡು ಇಟ್ಟುಕೊಳ್ಳೋಣ. ಜಾಫರಾಬಾದ್, ಮರ್ಕಾರಾಗಳು ಇತಿಹಾಸದ ಪಾಠದಲ್ಲಿರಲಿ. ಕೂರ್ಗ್ ಕಾಫಿಯ ಡಬ್ಬಿಯ ಮೇಲಿರಲಿ, ಕಿತ್ತಳೆಯ ಬುಟ್ಟಿಯ ಮೇಲಿರಲಿ, ಇಂಗ್ಲಿಷ್ ಮಾತಿನಲ್ಲಿ ಜಿಲ್ಲೆಯ ಹಳೆಯ ಹೆಸರಾಗಿಯೂ ಇರಲಿ. ಕನ್ನಡದಲ್ಲಿ, ಮಡಿಕೇರಿಯ ಬದಲಿಗೆ, ಅದು ತಪ್ಪು ಬಳಕೆ. ಇದನ್ನು ಸರಿಪಡಿಸಲು ಅಧಿಸೂಚನೆ ಬೇಡ, ಹೋರಾಟವೂ ಬೇಡ. ಯಾರೂ ಆಜ್ಞೆ ಮಾಡಿ ತಂದ ಹೆಸರಲ್ಲ ಇದು, ಬಳಸುವವರು ಬಿಟ್ಟರೆ ಹೋಗುತ್ತದೆ.

ಪುರವಣಿಯ ಸಂಪಾದಕರು ತಮ್ಮ ಜಿಲ್ಲಾ ಪುಟದ ಪದವನ್ನೇ ಪ್ರವಾಸದ ಪುಟಕ್ಕೂ ಕೊಡಲಿ. ಹೋಂಸ್ಟೇ ನಡೆಸುವವರು ಬೋರ್ಡಿನ ಕೊನೆಯ ಸಾಲಿನಲ್ಲಿ ತಮ್ಮ ಊರಿನ ಹೆಸರು ಬರೆಯಲಿ: ಗಾಳಿಬೀಡು, ಮಕ್ಕಂದೂರು, ಭಾಗಮಂಡಲ, ಯಾವುದಿದೆಯೋ ಅದು. ಮುಂದಿನ ಸಲ ಬಸ್ಸು ಹತ್ತುವಾಗ ನೀವೂ ಕಂಡಕ್ಟರಿಗೆ ‘ಒಂದು ಮಡಿಕೇರಿ ಕೊಡಿ’ ಎನ್ನಿ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಅದೇ ಹೆಸರು.